ಅಗ್ಗದ ಅಂಗಡಿಗೆ ದುಬಾರಿ ಹೆಸರು

ನ್ಯೂಯಾರ್ಕಿನ ಹೆಸರಾಂತ ವಸ್ತ್ರವಿನ್ಯಾಸಕ ಹಾಲ್‌ಸ್ಟನ್ 1983ರಲ್ಲಿ ಜೆ.ಸಿ. ಪೆನ್ನಿ ಅಂಗಡಿಗಳಿಗಾಗಿ ಉಡುಪು ಮಾಡಿಕೊಟ್ಟಾಗ, ಅದುವರೆಗೆ ಅವರ ಬಟ್ಟೆ ಮಾರುತ್ತಿದ್ದ ಬರ್ಗ್‌ಡಾರ್ಫ್ ಗುಡ್‌ಮನ್ ಮಳಿಗೆ ಅವರ ಸರಕನ್ನೇ ಕೈಬಿಟ್ಟಿತು. ಮಧ್ಯಮ ವರ್ಗದವರಿಗೆ ಎಟುಕಿದ ಹೆಸರು ಶ್ರೀಮಂತರ ಮಳಿಗೆಗೆ ಬೇಡವಾಯಿತು. 2003ರಲ್ಲಿ ವಿನ್ಯಾಸಕ ಐಸಾಕ್ ಮಿಜ್ರಾಹಿ ಅಮೆರಿಕದ ಅಗ್ಗದ ಮಳಿಗೆ ಟಾರ್ಗೆಟ್ ಜೊತೆ ಸೇರುವ ಹೊತ್ತಿಗೆ ಗಾಳಿ ಬದಲಾಗಿತ್ತು. ಮರುವರ್ಷ ನವೆಂಬರಿನಲ್ಲಿ ಶನೆಲ್‌ನ ಕಾರ್ಲ್ ಲಾಗರ್‌ಫೆಲ್ಡ್ ಸ್ವೀಡನ್ನಿನ ಎಚ್ ಆ್ಯಂಡ್ ಎಂ ಕಂಪನಿಗೆ ಉಡುಪು ವಿನ್ಯಾಸ ಮಾಡಿದರು. ಅವರ ಪ್ರತಿಷ್ಠೆಗೆ ಕಿಂಚಿತ್ತೂ ಕುಂದು ಬರಲಿಲ್ಲ. ಈ ಇಪ್ಪತ್ತು ವರ್ಷಗಳಲ್ಲಿ ಬದಲಾದದ್ದು ಶ್ರೀಮಂತರ ಮನಸ್ಸಲ್ಲ, ಹೆಸರಿನ ವ್ಯಾಪಾರ. ವಿನ್ಯಾಸಕ ಪಿಯರ್ ಕಾರ್ಡಿನ್ ತಮ್ಮ ಹೆಸರನ್ನು ಬಳಸಲು ನೂರಾರು ಸರಕುಗಳಿಗೆ ಪರವಾನಗಿ ಕೊಟ್ಟು ದಾರಿ ತೋರಿದ್ದರು. ಅತ್ತರು, ಕೈಚೀಲಗಳ ಮಾರಾಟದ ಮೇಲೆ ನಿಂತ ಫ್ಯಾಷನ್ ಮನೆತನಗಳಿಗೆ ಹೆಸರು ಬೇರೆ, ಬಟ್ಟೆ ಬೇರೆ ಆಗಿಬಿಟ್ಟಿತ್ತು.

ಆಮೇಲೆ ಎಚ್ ಆ್ಯಂಡ್ ಎಂಗೆ ಸ್ಟೆಲ್ಲಾ ಮೆಕಾರ್ಟ್ನಿ, ಕಾಮ್ ದೆ ಗಾರ್ಸೋನ್, ವರ್ಸಾಚೆ, ಬಾಲ್ಮೇನ್ ಸಾಲುಗಟ್ಟಿ ಬಂದರು. ಫ್ಯಾಷನ್ ಎಲ್ಲರದಾಯಿತು ಎಂದು ಕಂಪನಿಗಳು ಸಾರಿದವು. ಈ ಮಾತನ್ನು ನಾನು ಒಪ್ಪುವುದಿಲ್ಲ. ಎಲ್ಲರಿಗೂ ಸಿಗಬೇಕಾದ ಬಟ್ಟೆ ಕೆಲವೇ ಗಂಟೆಗಳಲ್ಲಿ ಖಾಲಿಯಾಗುವಷ್ಟು ಕಡಿಮೆ ಏಕೆ ತಯಾರಾಗಬೇಕು? ಸ್ವತಃ ಲಾಗರ್‌ಫೆಲ್ಡ್ ಅವರೇ ಇಷ್ಟು ಕಡಿಮೆ ಸಂಖ್ಯೆಯಲ್ಲಿ ಮಾಡಿದ್ದಕ್ಕೆ ಎಚ್ ಆ್ಯಂಡ್ ಎಂ ಮೇಲೆ ಬಹಿರಂಗವಾಗಿ ಸಿಟ್ಟಾಗಿದ್ದರು. 2011ರಲ್ಲಿ ಟಾರ್ಗೆಟ್ ಇಟಲಿಯ ಫ್ಯಾಷನ್ ಮನೆತನ ಮಿಸ್ಸೋನಿಯ ಅಂಕುಡೊಂಕು ಪಟ್ಟೆಗಳನ್ನು ಮಾರಾಟಕ್ಕಿಟ್ಟ ದಿನ ಅದರ ವೆಬ್‌ಸೈಟೇ ಕುಸಿಯಿತು. ಅದೇ ಸರಕು ಇಬೇಯಲ್ಲಿ ಹೆಚ್ಚಿನ ಬೆಲೆಗೆ ಬಿಕರಿಗೆ ಬಂತು. ಕೊರತೆಯೇ ಇಲ್ಲಿ ಜಾಹೀರಾತು.

ಹಾಗೆಂದು ಇಡೀ ಪ್ರಯೋಗವನ್ನು ತಳ್ಳಿಹಾಕುವುದು ಅನ್ಯಾಯ. 2009ರಲ್ಲಿ ಜಪಾನಿನ ಯೂನಿಕ್ಲೋಗಾಗಿ ವಿನ್ಯಾಸಕಿ ಜಿಲ್ ಸ್ಯಾಂಡರ್ 'ಪ್ಲಸ್ ಜೆ' ಸಂಗ್ರಹ ಮಾಡಿದರು. ಅವರ ಪ್ರತಿಭೆ ಇದ್ದದ್ದು ಕಟಿಂಗ್‌ನಲ್ಲಿ: ಭುಜ ಕೂರುವ ರೀತಿ, ಕಾಲರ್‌ನ ಅಳತೆ, ಬೇಡದ್ದನ್ನು ಬಿಡುವ ಸಂಯಮ. ಕಟಿಂಗ್ ಎಂದರೆ ಕಾಗದದ ಪ್ಯಾಟರ್ನ್. ಅದನ್ನು ಎಚ್ಚರದಿಂದ ಹೊಲಿಯುವ ಕಾರ್ಖಾನೆಗೆ ಕೊಟ್ಟರೆ ಗುಣದ ಬಹುಪಾಲು ಉಳಿದು ಬರುತ್ತದೆ. ಕೊಂಡವರಿಗೆ ಹೆಸರಿನ ಜೊತೆ ವಸ್ತುವೂ ದಕ್ಕಿತು. ವಿನ್ಯಾಸಕರ ಹೆಚ್ಚುಗಾರಿಕೆ ಯಾವುದರಲ್ಲಿದೆಯೋ ಅದು ಅಗ್ಗದ ಬಟ್ಟೆಗೂ ದಾಟಿತೇ ಎಂಬುದೇ ಇಲ್ಲಿ ಸರಿಯಾದ ಅಳತೆಗೋಲು.

ಈ ಅಳತೆಗೆ ನಿಲ್ಲದ್ದು 2021ರ ಆಗಸ್ಟಿನ ಸಬ್ಯಸಾಚಿ–ಎಚ್ ಆ್ಯಂಡ್ ಎಂ ಸಂಗ್ರಹ. ವಿನ್ಯಾಸಕ ಸಬ್ಯಸಾಚಿ ಮುಖರ್ಜಿ ಅವರ ಕೀರ್ತಿ ನಿಂತಿರುವುದೇ ಭಾರತದ ಕೈಕಸುಬಿನ ಮೇಲೆ. ಆದರೆ ಸಂಗ್ರಹದಲ್ಲಿ ಬಂದದ್ದು ರಾಜಸ್ಥಾನದ ಸಾಂಗಾನೇರಿ ಅಚ್ಚನ್ನು ನೆನಪಿಸುವ, ಯಂತ್ರದಲ್ಲಿ ಮುದ್ರಿಸಿದ ಹೂಬಳ್ಳಿ. ಸಾಂಗಾನೇರದ ಅಚ್ಚುಗಾರರು ಒಂದೊಂದು ಬಣ್ಣಕ್ಕೂ ಬೇರೆ ಮರದಚ್ಚು ಇಟ್ಟುಕೊಂಡು, ಬಣ್ಣಕ್ಕೆ ಒತ್ತಿ, ಬಟ್ಟೆಯ ಮೇಲೆ ಕೂರಿಸಿ, ಕೈಯಿಂದ ಗುದ್ದುತ್ತಾರೆ; ಅಚ್ಚು ಅಚ್ಚಿಗೆ ಕೂಡುವಲ್ಲಿ ಕೂದಲೆಳೆಯ ವ್ಯತ್ಯಾಸ ಉಳಿಯುತ್ತದೆ. ಈ ಸಂಗ್ರಹದಿಂದ ಕುಶಲಕರ್ಮಿಗಳಿಗೆ ಏನೂ ಸಿಗಲಿಲ್ಲವೆಂದು ಕರಕುಶಲ ಸಂಸ್ಥೆಗಳು ಬಹಿರಂಗ ಪತ್ರ ಬರೆದವು.

ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು, ಇಷ್ಟು ದೊಡ್ಡ ಪ್ರಮಾಣದಲ್ಲಿ ಕೈಯಿಂದ ಮಾಡಲಾಗದು ಎಂಬುದು. ಇದು ಬಹುಮಟ್ಟಿಗೆ ನಿಜ. ಆದರೆ ಸಂಗ್ರಹದಲ್ಲಿದ್ದ ಸೀರೆಯ ಬೆಲೆ 9,999 ರೂಪಾಯಿ; ಅಪ್ಪಟ ಕೈಅಚ್ಚಿನ ಹತ್ತಿ ಸೀರೆ ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಆ ಒಂದು ಉಡುಪನ್ನಾದರೂ ಅಚ್ಚುಗಾರರಿಗೆ ಬಿಟ್ಟುಕೊಡಬಹುದಿತ್ತು. ಎರಡನೆಯದು, ಇಂಥ ಪ್ರಚಾರದಿಂದ ಕಸುಬಿಗೇ ಬೇಡಿಕೆ ಹೆಚ್ಚುತ್ತದೆ ಎಂಬುದು. ಬೇಡಿಕೆ ಹೆಚ್ಚಬಹುದು, ಆದರೆ ಆ ಚಹರೆಗೆ; ಚಹರೆಯನ್ನು ಯಂತ್ರ ಇನ್ನೂ ಅಗ್ಗವಾಗಿ ಪೂರೈಸುತ್ತದೆ. ಇಂಥ ಕಸುಬುಗಳಿಗೆ ಸಿಗುವ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಕಾಯುವುದು ಹೆಸರನ್ನು. ಹೂಬಳ್ಳಿಯ ನಕಲನ್ನು ಅದರಿಂದ ತಡೆಯುವುದು ಕಷ್ಟ.

ಇಳಕಲ್ಲಿನ ಸೀರೆ ನೇಕಾರರಿಗೆ ಇಂಥ ನಕಲು ಹೊಸ ಸಂಗತಿಯಲ್ಲ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದು ಅವರ ಕಸುಬು. ಆ ಸೀರೆಯ ಕೆಂಪು ಸೆರಗನ್ನು ಅನುಕರಿಸುವ ಪವರ್‌ಲೂಮ್ ಸೀರೆಗಳು ಆಗಲೇ ಸಂತೆಯಲ್ಲಿವೆ. ನಾಳೆ ಯಾವುದಾದರೂ ದೊಡ್ಡ ಹೆಸರು ಇಳಕಲ್ಲನ್ನು ಮಾಲ್‌ಗೆ ಒಯ್ಯುವುದಾದರೆ, ಎಷ್ಟು ಸೀರೆ ಕೈಮಗ್ಗದಿಂದ ಬರಬೇಕು, ನೇಕಾರರಿಗೆ ಸಲ್ಲುವ ಕೂಲಿ ಎಷ್ಟು ಎಂಬುದು ಒಪ್ಪಂದದಲ್ಲೇ ಬರೆದಿರಬೇಕು. ಯಂತ್ರದಲ್ಲಿ ನೇಯ್ದದ್ದಾದರೆ ಅದೂ ಲೇಬಲ್ ಮೇಲೆ, ವಿನ್ಯಾಸಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು.