ಕ್ಯಾಮ್ ತಂತ್ರಾಂಶ: ಗಣಕಯಂತ್ರದ ಆಯ್ಕೆ ಮತ್ತು ವಾರ್ಷಿಕ ನಿರ್ವಹಣಾ ಶುಲ್ಕ

ತುಂಗಭದ್ರಾ ಕಾಲುವೆಯನ್ನು ನಂಬಿದ ಕುರುಗೋಡು, ಸಿರುಗುಪ್ಪ ಭಾಗದ ಭತ್ತದ ಸೀಮೆಯಲ್ಲಿ, ಬಾದನಹಟ್ಟಿಯಂತಹ ಊರುಗಳ ಫಸಲು ಗಿರಣಿ ಸೇರುವ ದಿನಗಳಲ್ಲಿ ಯಾವ ಯಂತ್ರವೂ ನಿಲ್ಲುವಂತಿಲ್ಲ. ಗಿರಣಿಯ ಶಾಫ್ಟ್ ತುಂಡಾದರೆ ಅಥವಾ ಕಟಾವು ಯಂತ್ರದ ಗೇರ್ ಹಲ್ಲು ಮುರಿದರೆ ಮಾಲೀಕರು ಮೊದಲು ನೆನೆಯುವುದು ಹತ್ತಿರದ ಲೇತ್ ವರ್ಕ್‌ಶಾಪನ್ನು. ಕೈಯಿಂದ ನಡೆಸುವ ಲೇತ್‌ನ ಪಕ್ಕದಲ್ಲಿ ಸಾಲ ಮಾಡಿ ಒಂದು ಸಿಎನ್‌ಸಿ ಮಿಲ್ಲಿಂಗ್ ಯಂತ್ರ ತಂದಿರಿಸಿಕೊಳ್ಳುವ ಸಣ್ಣ ಉದ್ಯಮಿ, ಅದರ ಜತೆಗೇ ಇನ್ನೆರಡು ಖರ್ಚುಗಳನ್ನೂ ಹೊರಬೇಕಾಗುತ್ತದೆ. ಒಂದು, ಯಂತ್ರಕ್ಕೆ ಆಜ್ಞೆ ಬರೆದುಕೊಡುವ ಕ್ಯಾಮ್ ತಂತ್ರಾಂಶ. ಇನ್ನೊಂದು, ಅದನ್ನು ನಡೆಸುವ ಗಣಕಯಂತ್ರ. ಬಹುತೇಕರು ಎರಡನೆಯದರ ಬಗ್ಗೆ ಹೆಚ್ಚು ವಿಚಾರಿಸುತ್ತಾರೆ. ಹಣ ಸೋರಿಹೋಗುವುದು ಮಾತ್ರ ಮೊದಲನೆಯದರ ಒಪ್ಪಂದದಲ್ಲಿ.

ಕ್ಯಾಮ್ ಎಂದರೆ ಗಣಕಯಂತ್ರದ ನೆರವಿನ ತಯಾರಿಕೆ. ಬಿಡಿಭಾಗದ ಮೂರು ಆಯಾಮದ ನಕ್ಷೆಯನ್ನು ಓದಿಕೊಂಡು, ಕತ್ತರಿಸುವ ಹತ್ಯಾರು ಯಾವ ದಾರಿಯಲ್ಲಿ, ಎಷ್ಟು ವೇಗದಲ್ಲಿ ಸಾಗಬೇಕೆಂಬುದನ್ನು ಈ ತಂತ್ರಾಂಶ ಲೆಕ್ಕಹಾಕುತ್ತದೆ. ಆ ದಾರಿಗೆ ಟೂಲ್‌ಪಾತ್ ಎಂದು ಹೆಸರು. ಅನಂತರ ಪೋಸ್ಟ್ ಪ್ರೊಸೆಸರ್ ಎಂಬ ಪುಟ್ಟ ಕಡತವು ಟೂಲ್‌ಪಾತನ್ನು ನಿರ್ದಿಷ್ಟ ಯಂತ್ರದ ಕಂಟ್ರೋಲರ್‌ಗೆ ಅರ್ಥವಾಗುವ ಜಿ-ಕೋಡ್ ಆಗಿ ಪರಿವರ್ತಿಸುತ್ತದೆ. ಫ್ಯಾನುಕ್ ಕಂಟ್ರೋಲರ್‌ಗೆ ಬರೆದ ಪೋಸ್ಟ್, ಸೀಮೆನ್ಸ್ ಕಂಟ್ರೋಲರ್‌ಗೆ ಹೊಂದುವುದಿಲ್ಲ.

ಯಾವ ಗಣಕಯಂತ್ರ ಬೇಕು?

ಆಟಗಳಿಗೆಂದು ತಯಾರಾದ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಟೂಲ್‌ಪಾತ್ ಬೇಗ ತಯಾರಾಗುತ್ತದೆ ಎಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. ಕಾರ್ಡ್‌ನ ಮುಖ್ಯ ಕೆಲಸ ನಕ್ಷೆಯನ್ನು ಪರದೆಯ ಮೇಲೆ ತಿರುಗಿಸಿ ತೋರಿಸುವುದು. ಟೂಲ್‌ಪಾತ್ ಲೆಕ್ಕ ನಡೆಯುವುದು ಬಹುಮಟ್ಟಿಗೆ ಪ್ರೊಸೆಸರ್‌ನಲ್ಲಿ. ಅದರಲ್ಲಿಯೂ ಅನೇಕ ಹಂತಗಳು ಒಂದರ ನಂತರ ಒಂದು ನಡೆಯಬೇಕಾದ ಲೆಕ್ಕಗಳಾದುದರಿಂದ, ಹದಿನಾರು ನಿಧಾನವಾದ ಕೋರ್‌ಗಳಿಗಿಂತ ವೇಗವಾದ ಆರೆಂಟು ಕೋರ್‌ಗಳು ಸಣ್ಣ ವರ್ಕ್‌ಶಾಪಿಗೆ ಮೇಲು. ಸಾಮಾನ್ಯ ಕೆಲಸಕ್ಕೆ 16 ಜಿಬಿ ಸ್ಮೃತಿ ಸಾಕಾಗುತ್ತದೆ. ಅಚ್ಚುಗಳನ್ನು ಮಾಡುವವರು 32 ಅಥವಾ 64 ಜಿಬಿ ಇಟ್ಟುಕೊಳ್ಳುವುದು ಲೇಸು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲೇಬೇಕು. ವರ್ಕ್‌ಸ್ಟೇಷನ್ ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದಾದರೆ ತಂತ್ರಾಂಶ ಕಂಪನಿ ಪ್ರಕಟಿಸುವ ಮಾನ್ಯತೆ ಪಡೆದ ಕಾರ್ಡ್‌ಗಳ ಪಟ್ಟಿಯನ್ನು ಮೊದಲು ನೋಡಬೇಕು.

ಹಳೆಯ ಸಿಎನ್‌ಸಿ ಯಂತ್ರಗಳನ್ನು ಕೊಂಡವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಅಂತಹ ಯಂತ್ರಗಳ ಸ್ಮೃತಿ ಅತಿ ಕಡಿಮೆ. ಆದ್ದರಿಂದ ಜಿ-ಕೋಡನ್ನು ಆರ್‌ಎಸ್-232 ಕೇಬಲ್ ಮೂಲಕ ಸಾಲುಸಾಲಾಗಿ ಉಣಿಸುತ್ತಾ ಹೋಗಬೇಕು. ಸೆಕೆಂಡಿಗೆ 9,600 ಬಿಟ್ ವೇಗದ ಆ ಕೇಬಲ್‌ನಲ್ಲಿ ಸೆಕೆಂಡಿಗೆ ಸುಮಾರು 900 ಅಕ್ಷರಗಳು ಮಾತ್ರ ಸಾಗುತ್ತವೆ. ಒಂದು ಸಾಲಿಗೆ 20 ಅಕ್ಷರ ಎಂದುಕೊಂಡರೆ 45 ಸಾಲುಗಳಾದವು. ನಯವಾದ ಬಾಗು ಮೇಲ್ಮೈಗಾಗಿ ಪ್ರತಿ ಸಾಲಿಗೂ 0.1 ಮಿಲಿಮೀಟರ್‌ನಷ್ಟೇ ಚಲನೆ ಇದ್ದರೆ, ಹತ್ಯಾರು ನಿಮಿಷಕ್ಕೆ 270 ಮಿಲಿಮೀಟರ್ ದಾಟಲಾರದು. ಇಲ್ಲಿ ಎರಡು ಲಕ್ಷ ರೂಪಾಯಿಯ ಗಣಕಯಂತ್ರ ತಂದರೂ ಯಂತ್ರ ತಡವರಿಸುವುದು ನಿಲ್ಲದು. ಕಂಟ್ರೋಲರ್‌ಗೆ ಮೆಮೊರಿ ಕಾರ್ಡ್ ಸೌಲಭ್ಯ ಇದೆಯೇ ಎಂದು ವಿಚಾರಿಸುವುದು, ಇಲ್ಲವೇ ಸಣ್ಣ ಗೆರೆಗಳನ್ನು ಕಂಸಗಳಾಗಿ ಕೂಡಿಸುವ ಆಯ್ಕೆಯನ್ನು ತಂತ್ರಾಂಶದಲ್ಲಿ ಬಳಸುವುದು ಕಡಿಮೆ ಖರ್ಚಿನ ಪರಿಹಾರ. ಕೋಡ್ ಉಣಿಸುತ್ತಿರುವ ನಡುವೆ ವಿಂಡೋಸ್ ತಾನಾಗಿ ಮರುಪ್ರಾರಂಭಗೊಂಡರೆ ಹತ್ಯಾರು ಲೋಹದಲ್ಲೇ ನಿಂತು, ಮಾಡುತ್ತಿದ್ದ ಬಿಡಿಭಾಗದ ಮೇಲೆ ಗುರುತು ಉಳಿಸುತ್ತದೆ. ಆದ್ದರಿಂದ ಉಣಿಸುವ ಕೆಲಸಕ್ಕೆ ಒಂದು ಹಳೆಯ ಗಣಕಯಂತ್ರವನ್ನು ಅಂತರ್ಜಾಲ ಸಂಪರ್ಕವಿಲ್ಲದೆ ಪ್ರತ್ಯೇಕವಾಗಿ ಇಡುವುದು ಜಾಣತನ.

ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಧೂಳಿಗೂ ಇಲ್ಲಿ ಬರವಿಲ್ಲ. ಕೂಲೆಂಟ್ ಎಣ್ಣೆಯ ಆವಿ ಬೆರೆತ ಧೂಳು ಫ್ಯಾನಿಗೆ ಮೆತ್ತಿಕೊಂಡರೆ ಪ್ರೊಸೆಸರ್ ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹೆಚ್ಚು ಹಣ ಕೊಟ್ಟು ಕೊಂಡ ವೇಗ ಹೀಗೆ ವ್ಯರ್ಥವಾಗುತ್ತದೆ. ಗಾಜಿನ ಬಾಗಿಲಿನ ಪುಟ್ಟ ಕೋಣೆ, ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್, ಇವಕ್ಕೆ ಹಾಕುವ ಹಣ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕುವ ಹಣಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ನಿರ್ವಹಣಾ ಶುಲ್ಕದ ಒಳಗುಟ್ಟು

ಯಂತ್ರದ ಎಎಂಸಿ ಬೇರೆ, ತಂತ್ರಾಂಶದ ವಾರ್ಷಿಕ ನಿರ್ವಹಣೆ ಬೇರೆ. ಯಂತ್ರದ ಎಎಂಸಿಯಲ್ಲಿ ತಂತ್ರಜ್ಞರು ಬಂದು ಬಿಡಿಭಾಗ ನೋಡುತ್ತಾರೆ. ತಂತ್ರಾಂಶದ ನಿರ್ವಹಣೆಯಲ್ಲಿ ದೊರೆಯುವುದು ಹೊಸ ಆವೃತ್ತಿ, ದೋಷ ನಿವಾರಣೆ ಹಾಗೂ ದೂರವಾಣಿಯ ಮೂಲಕ ಸಲಹೆ. ಇದಕ್ಕೆ ಪರವಾನಗಿ ಬೆಲೆಯ ಶೇ 15ರಿಂದ 20ರಷ್ಟನ್ನು ಪ್ರತಿವರ್ಷ ಕೇಳುವುದು ವಾಡಿಕೆ. ಐದು ಲಕ್ಷ ರೂಪಾಯಿಯ ಪರವಾನಗಿಗೆ ಶೇ 18ರಂತೆ ವರ್ಷಕ್ಕೆ 90 ಸಾವಿರ ರೂಪಾಯಿ. ಐದು ವರ್ಷಕ್ಕೆ ನಾಲ್ಕೂವರೆ ಲಕ್ಷ, ಅಂದರೆ ಹತ್ತಿರಹತ್ತಿರ ಇನ್ನೊಂದು ಪರವಾನಗಿಯ ಬೆಲೆ. ಜಿಎಸ್‌ಟಿ ಇದರ ಮೇಲೆ.

ಹಾಗಾದರೆ ಕಟ್ಟದೇ ಇರಬಹುದೇ? ಶಾಶ್ವತ ಪರವಾನಗಿ ಹೊಂದಿದವರು ಕಟ್ಟದಿದ್ದರೂ ಕೈಯಲ್ಲಿರುವ ಆವೃತ್ತಿ ನಡೆಯುತ್ತಲೇ ಇರುತ್ತದೆ. ವರ್ಷವಿಡೀ ಅದೇ ಹತ್ತು ಬಗೆಯ ಶಾಫ್ಟ್, ಫ್ಲೇಂಜ್ ಮಾಡುವ ವರ್ಕ್‌ಶಾಪಿಗೆ ಹೊಸ ಆವೃತ್ತಿಯಿಂದ ಆಗಬೇಕಾದ್ದು ಏನೂ ಇಲ್ಲ. ತೊಡಕು ಬರುವುದು ಗಣಕಯಂತ್ರ ಕೆಟ್ಟ ದಿನ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಹೊಸ ಗಣಕಯಂತ್ರಗಳು ವಿಂಡೋಸ್ 11ರೊಂದಿಗೆ ಬರುತ್ತವೆ. ಹಳೆಯ ಕ್ಯಾಮ್ ಆವೃತ್ತಿ ಅಥವಾ ಅದರ ಡಾಂಗಲ್‌ನ ಚಾಲಕ ತಂತ್ರಾಂಶ ಅದರಲ್ಲಿ ನಡೆಯದೇ ಹೋದರೆ ಹೊಸ ಆವೃತ್ತಿ ಬೇಕು. ಹೊಸ ಆವೃತ್ತಿಗೆ ನಿರ್ವಹಣೆ ಚಾಲ್ತಿಯಲ್ಲಿರಬೇಕು. ತಪ್ಪಿದ ವರ್ಷಗಳ ಬಾಕಿಯನ್ನು ಹಲವು ಕಂಪನಿಗಳು ದಂಡಸಹಿತ ಕೇಳುತ್ತವೆ. ಗಣಕಯಂತ್ರದ ಆಯ್ಕೆಯೂ ನಿರ್ವಹಣಾ ಶುಲ್ಕವೂ ಒಂದೇ ಗಂಟಿನ ಎರಡು ತುದಿಗಳೆಂಬುದು ಆಗ ಅರಿವಿಗೆ ಬರುತ್ತದೆ.

ಶಾಶ್ವತ ಎಂಬ ಪದವನ್ನೂ ಪೂರ್ತಿ ನಂಬುವಂತಿಲ್ಲ. ಬ್ರಿಟನ್ನಿನ ಡೆಲ್‌ಕ್ಯಾಮ್ ಕಂಪನಿ 2014ರಲ್ಲಿ ಆಟೋಡೆಸ್ಕ್ ಪಾಲಾಯಿತು. ಅದರ ಜತೆಗೆ ಅಚ್ಚು ತಯಾರಕರ ಪವರ್‌ಮಿಲ್ ಕೂಡ. ಆಟೋಡೆಸ್ಕ್ 2016ರಲ್ಲಿ ಹೊಸ ಶಾಶ್ವತ ಪರವಾನಗಿಗಳ ಮಾರಾಟ ನಿಲ್ಲಿಸಿ ಚಂದಾ ಪದ್ಧತಿಗೆ ಹೊರಳಿತು. ಹಳೆಯ ಗ್ರಾಹಕರ ನಿರ್ವಹಣಾ ಯೋಜನೆಯನ್ನೂ 2021ರಲ್ಲಿ ಮುಗಿಸಿತು. ಚಂದಾ ಪದ್ಧತಿಯಲ್ಲಿ ಮೊದಲ ವರ್ಷದ ಹೊರೆ ಕಡಿಮೆ. ಆದರೆ ಕಟ್ಟುವುದು ನಿಂತರೆ ತಂತ್ರಾಂಶವೂ ನಿಲ್ಲುತ್ತದೆ. ಅದೇ ಕಂಪನಿಯ ಫ್ಯೂಷನ್‌ನ ಉಚಿತ ವೈಯಕ್ತಿಕ ಆವೃತ್ತಿಯನ್ನು 2020ರಲ್ಲಿ ಮೊಟಕುಗೊಳಿಸಲಾಯಿತು. ಅದು ವ್ಯಾಪಾರಕ್ಕೆ ಬಳಸುವಂಥದ್ದೂ ಅಲ್ಲ. ಪೂರ್ತಿ ಮುಕ್ತವಾದ ಫ್ರೀಕ್ಯಾಡ್ 2024ರ ನವೆಂಬರ್‌ನಲ್ಲಿ ತನ್ನ 1.0 ಆವೃತ್ತಿಗೆ ತಲುಪಿದ್ದು, ಅದರ ಕ್ಯಾಮ್ ವಿಭಾಗವು ತೂತು ಕೊರೆಯುವ, ಗಾಡಿ ಹೊಡೆಯುವ, ಹೊರರೇಖೆ ಕತ್ತರಿಸುವ ಕೆಲಸಗಳಿಗೆ ಉಪಯುಕ್ತ. ಜಟಿಲವಾದ ಬಾಗು ಮೇಲ್ಮೈಗಳಿಗೆ ಅದನ್ನೇ ನೆಚ್ಚಿಕೊಳ್ಳುವುದು ಸದ್ಯಕ್ಕೆ ಕಷ್ಟ.

ಸಹಿ ಹಾಕುವ ಮುನ್ನ

ಮಾರಾಟಗಾರರ ಕಚೇರಿ ಸಾಮಾನ್ಯವಾಗಿ ಬೆಂಗಳೂರಿನಲ್ಲಿರುತ್ತದೆ. ಬಳ್ಳಾರಿಗೆ ರಸ್ತೆಯಲ್ಲಿ ಸುಮಾರು 300 ಕಿಲೋಮೀಟರ್. ಬೆಂಬಲವೆಂದರೆ ದೂರವಾಣಿಯೋ, ತಂತ್ರಜ್ಞರ ಭೇಟಿಯೋ, ಭೇಟಿಗೆ ಪ್ರತ್ಯೇಕ ಶುಲ್ಕವುಂಟೋ ಎಂಬುದು ಕಾಗದದ ಮೇಲಿರಬೇಕು. ಗಣಕಯಂತ್ರದ ಮನೆಬಾಗಿಲ ವಾರಂಟಿ ತಮ್ಮ ಊರಿನ ಪಿನ್‌ಕೋಡ್‌ಗೆ ಅನ್ವಯಿಸುತ್ತದೆಯೇ ಎಂಬುದನ್ನೂ ಕೇಳಿ ತಿಳಿಯಬೇಕು. ಪೋಸ್ಟ್ ಪ್ರೊಸೆಸರ್ ಯಾರ ಸೊತ್ತು, ಅದನ್ನು ತಿದ್ದುವುದು ವಾರ್ಷಿಕ ಶುಲ್ಕದಲ್ಲಿ ಸೇರಿದೆಯೇ ಎಂಬ ಪ್ರಶ್ನೆಯನ್ನು ಖರೀದಿದಾರರು ಕೇಳುವುದು ವಿರಳ. ವಾಸ್ತವದಲ್ಲಿ ಕೆಲಸ ನಿಲ್ಲಿಸುವ ಶಕ್ತಿ ಇರುವುದು ಆ ಪುಟ್ಟ ಕಡತಕ್ಕೇ. ಅದರ ಹಾಗೂ ಪರೀಕ್ಷಿಸಿ ಒಪ್ಪಿದ ಎಲ್ಲ ಜಿ-ಕೋಡ್‌ಗಳ ಪ್ರತಿಯನ್ನು ಬೇರೆಡೆ ಕಾಪಿಟ್ಟುಕೊಂಡರೆ, ತಂತ್ರಾಂಶ ಮುಷ್ಕರ ಹೂಡಿದರೂ ಹಳೆಯ ಬಿಡಿಭಾಗಗಳನ್ನು ಮಾಡಿಕೊಡಲು ಅಡ್ಡಿಯಿಲ್ಲ. ಜಿ-ಕೋಡ್‌ಗೆ ಪರವಾನಗಿ ಬೇಕಿಲ್ಲ.

ಕಲಿಯಬಯಸುವವರಿಗೆ, ಡೆನ್ಮಾರ್ಕ್ ಸರ್ಕಾರದ ಸಹಕಾರದೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಹೊಸಪೇಟೆಯಲ್ಲೂ ಶಾಖೆ ಹೊಂದಿದೆ. ತಂತ್ರಾಂಶ ಕೊಳ್ಳುವ ಮೊದಲು ಅಂತಹ ಕಡೆ ಅದನ್ನು ಬಳಸಿದವರನ್ನು ವಿಚಾರಿಸುವುದು ಒಳ್ಳೆಯದು.

ಇನ್ನು ಡಾಂಗಲ್. ಬೆರಳಿನಷ್ಟು ಉದ್ದದ ಈ ಬೀಗದ ಕೈ ಕೆಟ್ಟರೆ ನಿರ್ವಹಣೆಯಲ್ಲಿರುವವರಿಗೆ ಬದಲಿ ಸಿಗುವುದುಂಟು. ಕಳೆದುಹೋದರೆ ಪರವಾನಗಿಯನ್ನೇ ಮತ್ತೆ ಕೊಳ್ಳಬೇಕೆಂದು ಹಲವು ಕಂಪನಿಗಳ ಕರಾರು ಹೇಳುತ್ತದೆ. ವರ್ಕ್‌ಶಾಪಿನ ವಿಮೆ ಮಾಡಿಸುವಾಗ ಅದನ್ನು ಕೆಲವು ನೂರು ರೂಪಾಯಿಯ ವಸ್ತುವೆಂದು ಬರೆಸದೆ, ಪರವಾನಗಿಯ ಪೂರ್ಣ ಬೆಲೆಗೆ ನಮೂದಿಸಬೇಕು.