ಬೆಳ್ಳಿ ಹಲ್ಲಿನ ಇನ್ನೂರು ವರ್ಷದ ಜಗಳ

ಹಳ್ಳಿಯ ಹಿರಿಯರ ಬಾಯಲ್ಲಿ ಬೂದು ಬಣ್ಣದ ತುಂಬಿದ ಹಲ್ಲು ಕಂಡಿರುತ್ತೀರಿ. 'ಬೆಳ್ಳಿ ಸಿಮೆಂಟ್' ಅಂತಾರೆ. ಅದರ ನಿಜವಾದ ಹೆಸರು ಅಮಾಲ್ಗಮ್. ತೂಕದಲ್ಲಿ ಸುಮಾರು ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ. 'ಪಾದರಸ ವಿಷ ಅಲ್ವಾ, ತೆಗೆಸಿಬಿಡೋಣವಾ?' ಎಂದು ಹಲವರು ನಮ್ಮನ್ನು ಕೇಳುತ್ತಾರೆ. ಉತ್ತರಕ್ಕೆ ಮೊದಲು ಇದರ ಕಥೆ ನೋಡೋಣ.

1833ರಲ್ಲಿ ಕ್ರಾಕೂರ್ ಎಂಬ ಹೆಸರಿನವರು ಯುರೋಪಿನಿಂದ ನ್ಯೂಯಾರ್ಕಿಗೆ ಬಂದು ಇದನ್ನು ಭರ್ಜರಿ ಜಾಹೀರಾತಿನೊಂದಿಗೆ ಮಾರಿದರು. ಹುಳುಕನ್ನು ಸರಿಯಾಗಿ ತೆಗೆಯದೆಯೇ ಮೇಲೆ ಮೆತ್ತುತ್ತಿದ್ದರು. ಆಗ ಒಳ್ಳೆಯ ವೈದ್ಯರು ಬಳಸುತ್ತಿದ್ದದ್ದು ಚಿನ್ನದ ಹಾಳೆ. ಅದು ಉಳ್ಳವರಿಗೆ ಮಾತ್ರ. ಅಮಾಲ್ಗಮ್ ಅಗ್ಗ, ಬೇಗ ಮುಗಿಯುವ ಕೆಲಸ. 1840ರಲ್ಲಿ ಹುಟ್ಟಿದ ಅಮೆರಿಕದ ದಂತವೈದ್ಯರ ಸಂಘ 1845ರಲ್ಲಿ 'ಅಮಾಲ್ಗಮ್ ಬಳಸುವುದಿಲ್ಲ' ಎಂದು ಸದಸ್ಯರಿಂದ ಪ್ರತಿಜ್ಞೆ ಕೇಳಿತು. ಒಪ್ಪದವರನ್ನು ಹೊರಹಾಕಿತು. ಕೊನೆಗೆ 1856ರಲ್ಲಿ ಸಂಘವೇ ಮುಚ್ಚಿತು, ಅಮಾಲ್ಗಮ್ ಉಳಿಯಿತು. ಬಡವರ ಹಲ್ಲು ಉಳಿಸಲು ಬೇರೆ ದಾರಿ ಇರಲಿಲ್ಲ.

ಆಗಿನ ಮಿಶ್ರಣ ಒಮ್ಮೆ ಹಿಗ್ಗಿ ಹಲ್ಲು ಸೀಳುತ್ತಿತ್ತು, ಒಮ್ಮೆ ಕುಗ್ಗಿ ಸಂದಿ ಬಿಡುತ್ತಿತ್ತು. 1890ರ ದಶಕದಲ್ಲಿ ಷಿಕಾಗೋದ ಜಿ.ವಿ. ಬ್ಲ್ಯಾಕ್ ಲೋಹಗಳ ಪ್ರಮಾಣವನ್ನು ಪರೀಕ್ಷಿಸಿ ಸರಿಪಡಿಸಿದರು. 1926ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಆಲ್ಫ್ರೆಡ್ ಸ್ಟಾಕ್ ಪಾದರಸದ ಆವಿಯ ಬಗ್ಗೆ ಎಚ್ಚರಿಸಿದರು. ಪ್ರಯೋಗಾಲಯದ ಪಾದರಸದಿಂದ ಸ್ವತಃ ನರಳಿದವರು ಅವರು. ಜಗಳ ಮತ್ತೆ ಎದ್ದಿತು.

ಬದಲಿ ವಸ್ತು ಬಂದದ್ದು ಆಮೇಲೆ. 1955ರಲ್ಲಿ ಬ್ಯುನೊಕೋರ್, ಆಮ್ಲ ಹಚ್ಚಿದರೆ ಹಲ್ಲಿಗೆ ರಾಳ ಗಟ್ಟಿಯಾಗಿ ಅಂಟುತ್ತದೆ ಎಂದು ತೋರಿಸಿದರು. 1962ರಲ್ಲಿ ಬೋವೆನ್ ಹೊಸ ರಾಳಕ್ಕೆ ಪೇಟೆಂಟ್ ಪಡೆದರು. ಇಂದಿನ ಹಲ್ಲಿನ ಬಣ್ಣದ ಕಾಂಪೋಸಿಟ್ ಅದರದೇ ಸಂತಾನ. ನೋಡಲು ಚೆಂದ, ಆದರೆ ಹಾಕುವಾಗ ಹಲ್ಲು ಒಣಗಿರಬೇಕು, ಸಮಯ ಬೇಕು. ಕೆಲವರಿಗೆ ರಾಳ ಅಲರ್ಜಿಯಾಗುತ್ತದೆ.

1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ವಿಲ್ಸನ್ ಮತ್ತು ಕೆಂಟ್ ಗ್ಲಾಸ್ ಅಯನೋಮರ್ ತಂದರು. ಅದು ಹಲ್ಲಿಗೆ ತಾನೇ ಅಂಟುತ್ತದೆ, ಫ್ಲೋರೈಡ್ ಬಿಡುತ್ತದೆ, ಆದರೆ ಅಗಿಯುವ ಭಾರಕ್ಕೆ ಅಷ್ಟು ಗಟ್ಟಿಯಲ್ಲ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಕರೆಂಟಿಲ್ಲದೆ, ಬರೀ ಕೈ ಉಪಕರಣದಿಂದ ಹುಳುಕು ಕೆರೆದು ತುಂಬುವ ವಿಧಾನ ಬೆಳೆಯಿತು. ಮುಂದೆ ಆ ವಿಧಾನಕ್ಕೆ ಇದೇ ವಸ್ತು ಆಧಾರವಾಯಿತು. ನಮ್ಮಂಥ ಊರುಗಳಿಗೆ ಇದು ದೊಡ್ಡ ಸುದ್ದಿ.

2013ರ ಮಿನಮಾಟಾ ಒಪ್ಪಂದ ಅಮಾಲ್ಗಮ್ ಬಳಕೆ ಕಡಿಮೆ ಮಾಡಲು ಹೇಳಿತು. ಪಾದರಸ ನೀರು, ಮಣ್ಣಿಗೆ ಸೇರುತ್ತದೆ ಎಂಬುದೇ ಅದರ ಮುಖ್ಯ ಚಿಂತೆ. 2018ರಲ್ಲಿ ಭಾರತವೂ ಸೇರಿತು. ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ, ವೈದ್ಯಕೀಯ ಅಗತ್ಯ ಬಿಟ್ಟರೆ, ಅಮಾಲ್ಗಮ್ ತುಂಬುವುದನ್ನು ನಿಲ್ಲಿಸಿದೆ.

ಹಾಗಾದರೆ ಹಳೆಯದನ್ನು ಕೀಳಿಸಬೇಕೇ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಹೇಳಿದ್ದು ಹೀಗೆ: ಗಟ್ಟಿಯಾಗಿರುವುದನ್ನು ವೈದ್ಯಕೀಯ ಕಾರಣವಿಲ್ಲದೆ ತೆಗೆಸಬೇಡಿ. ಕೊರೆಯುವಾಗಲೇ ಆವಿ ಹೆಚ್ಚುತ್ತದೆ, ಒಳ್ಳೆಯ ಹಲ್ಲೂ ಸವೆಯುತ್ತದೆ. ಗರ್ಭಿಣಿಯರು, ಹಾಲುಣಿಸುವವರು, ಆರು ವರ್ಷದೊಳಗಿನ ಮಕ್ಕಳು, ಮೂತ್ರಪಿಂಡ ಅಥವಾ ನರದ ಕಾಯಿಲೆ ಇರುವವರು, ಪಾದರಸದ ಅಲರ್ಜಿ ಇರುವವರು ಹೊಸದಾಗಿ ಅಮಾಲ್ಗಮ್ ತುಂಬಿಸದಿರುವುದು ಒಳ್ಳೆಯದು.

ಸಡಿಲವಾಗಿದ್ದರೆ, ಒಡೆದಿದ್ದರೆ, ಕೆಳಗೆ ಹುಳುಕು ಹಿಡಿದಿದ್ದರೆ ಬದಲಿಸಲೇಬೇಕು. ಆಗ ವೈದ್ಯರನ್ನು ಕೇಳಿ: ಯಾವ ವಸ್ತು, ನನ್ನ ಹಲ್ಲಿಗೆ ಅದೇ ಏಕೆ, ಎಷ್ಟು ವರ್ಷ ಬಾಳಿಕೆ? ಕೇಳಲು ಸಂಕೋಚ ಬೇಡ. ಹಲ್ಲು ನಿಮ್ಮದು, ದುಡ್ಡೂ ನಿಮ್ಮದೇ.