ಅರ್ಧ ಇಂಚು ಅಂದರೆ ಎಷ್ಟು?

ಕತ್ರಿಗುಪ್ಪೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ‘ಅರ್ಧ ಇಂಚಿನ ನಲ್ಲಿ ಕೊಡಿ’ ಎಂದರೆ ಸಾಕು. ಮನೆ ಯಾವ ಕಾಲದ್ದು ಎಂದು ಯಾರೂ ಕೇಳುವುದಿಲ್ಲ. ಇವತ್ತು ಕೊಂಡ ನಲ್ಲಿ, ನಲವತ್ತು ವರ್ಷದ ಹಿಂದೆ ಗೋಡೆಯೊಳಗೆ ಹುದುಗಿಸಿದ ಜಿಐ ಪೈಪಿಗೂ ಕೂರುತ್ತದೆ. ಆದರೆ ಅದರ ಬುಡಕ್ಕೆ ಸ್ಕೇಲ್ ಇಟ್ಟು ನೋಡಿ. ಅರ್ಧ ಇಂಚೆಂದರೆ 12.7 ಮಿ.ಮೀ.; ಅಲ್ಲಿ ಕಾಣುವುದು ಸುಮಾರು 21 ಮಿ.ಮೀ.!

ಅಂಗಡಿಯವರ ಮೋಸವೇನಲ್ಲ. ಅರ್ಧ ಇಂಚು ಎಂಬುದು ಹಳೆಯ ಕಬ್ಬಿಣದ ಪೈಪಿನ ಒಳರಂಧ್ರಕ್ಕೆ ಇಟ್ಟ ಹೆಸರು, ಹೊರಮೈಯ ಅಳತೆಯಲ್ಲ. ಅದರ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ ಒಂದೊಂದು ಕಾರ್ಖಾನೆಯೂ ತನಗೆ ತೋಚಿದಂತೆ ಥ್ರೆಡ್ ಕೊರೆಯುತ್ತಿತ್ತು. ಒಬ್ಬರ ಬೋಲ್ಟು ಇನ್ನೊಬ್ಬರ ನಟ್ಟಿಗೆ ಹತ್ತುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್, ಎಲ್ಲರೂ 55 ಡಿಗ್ರಿ ಕೋನದ ಒಂದೇ ಬಗೆಯ ಥ್ರೆಡ್ ಕೊರೆಯೋಣ ಎಂದು ಸೂಚಿಸಿದರು. ಬ್ರಿಟಿಷ್ ಪೈಪುಗಳೂ ಅದನ್ನೇ ಹಿಡಿದವು. ಅರ್ಧ ಇಂಚಿನ ಪೈಪಿಗೆ ಇಂಚಿಗೆ 14 ಸುತ್ತು.

1896ರ ಹೊತ್ತಿಗೆ ಹೆಸರಘಟ್ಟದ ನೀರು ಬೆಂಗಳೂರಿಗೆ ಬಂದಾಗ ಕತ್ರಿಗುಪ್ಪೆ ಊರಾಚೆಯ ಹಳ್ಳಿ. ನಲ್ಲಿ ನೀರು ಪೇಟೆ, ದಂಡಿನವರ ಮಾತು. ಜಲಮಂಡಳಿ ಹುಟ್ಟಿದ್ದು 1964ರಲ್ಲಿ, ಕಾವೇರಿ ಮೊದಲ ಹಂತ ಬಂದದ್ದು 1974ರಲ್ಲಿ. ಬನಶಂಕರಿ ಬಡಾವಣೆಗಳು ಬೆಳೆದು ಹಳ್ಳಿಯನ್ನು ಒಳಗೆ ಹಾಕಿಕೊಂಡವು. 1956ರ ಕಾಯ್ದೆ ಇಂಚನ್ನು ಕಾಗದದಿಂದ ಓಡಿಸಿತು. ಪ್ಲಂಬರ್ ಬಾಯಿಂದ ಓಡಿಸಲಾಗಲಿಲ್ಲ. ನಮ್ಮ ಐಎಸ್ 554 ಮಾನಕವೂ ವಿಟ್‌ವರ್ತ್‌ನ ಕೋನವನ್ನೇ ಉಳಿಸಿಕೊಂಡಿದೆ. ಈಗಿನ ಸಿಪಿವಿಸಿ ಪೈಪಿಗೆ ಗಮ್ ಹಚ್ಚಿ ಜೋಡಿಸಿದರೂ, ನಲ್ಲಿ ಕೂರುವ ಜಾಗದಲ್ಲಿ ಅದೇ ಥ್ರೆಡ್ಡಿನ ಹಿತ್ತಾಳೆ ತುಂಡು ಇರುತ್ತದೆ.

ಅಮೆರಿಕದಲ್ಲಿರುವ ಮಕ್ಕಳು ಚೆಂದದ ನಲ್ಲಿ ತಂದುಕೊಟ್ಟರೆ ಮಾತ್ರ ಎಚ್ಚರ. ಅಲ್ಲಿಯ ಅರ್ಧ ಇಂಚಿಗೂ 14 ಸುತ್ತೇ, ಆದರೆ ಕೋನ 60 ಡಿಗ್ರಿ. ನಾಲ್ಕು ಸುತ್ತು ನಯವಾಗಿ ಹೋಗಿ, ಕೂತಂತೆ ನಟಿಸಿ, ಆಮೇಲೆ ಜಿನುಗುತ್ತದೆ. ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಭರವಸೆಯಿಲ್ಲ.

ಜಿನುಗುವುದು ಇಲ್ಲಿ ಸಣ್ಣ ವಿಷಯವಲ್ಲ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿಯಲ್ಲಿ ಪಂಪ್ ಆಗಿ, ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ಅಪಾರ್ಟ್‌ಮೆಂಟ್, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ಏರೇಟರ್ ತಿರುಗಿಸಲು ನಲ್ಲಿಯ ಬಾಯಿಯಲ್ಲೂ ಥ್ರೆಡ್ ಬೇಕು. ಹಳೆಯ ಹಿತ್ತಾಳೆ ನಲ್ಲಿಗಳ ಬಾಯಿ ಬಹುಪಾಲು ಬೋಳು. ಅಂದರೆ ನಲ್ಲಿಯನ್ನೇ ಬದಲಿಸಬೇಕು. ಬಾಡಿಗೆ ಮನೆಯಾದರೆ, ಯಾರ ದುಡ್ಡಲ್ಲಿ?

ಹೊಸ ನಲ್ಲಿ ಸರಿಯಿದ್ದರೂ ಗೋಡೆಯೊಳಗಿನದು ಸರಿಯಿರಬೇಕಲ್ಲ! ಹಳೆಯ ಜಿಐ ಪೈಪಿನ ಥ್ರೆಡ್ಡನ್ನು ತುಕ್ಕು ತಿಂದಿರುತ್ತದೆ. ಹಳೆ ನಲ್ಲಿಯನ್ನು ಜೋರಾಗಿ ತಿರುವಿದರೆ ಒಳಗಿನ ಎಲ್ಬೋ ಜೊತೆಗೇ ತಿರುಗುತ್ತದೆ, ಟೈಲ್ಸ್ ಒಡೆಯಬೇಕಾಗುತ್ತದೆ. ಅದಕ್ಕೇ ಬಲ್ಲ ಪ್ಲಂಬರ್ ಮೊದಲು ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚಿ, ಥ್ರೆಡ್ಡಿಗೆ ಎಣ್ಣೆ ಬಿಟ್ಟು, ಕಾಯುತ್ತಾನೆ.